ನಗೆ ಅನಿಲವೂ ಒಂದು ದವಡೆಹಲ್ಲೂ

ಹಲ್ಲುನೋವಿನ ಸಂಕಟ ಪಟ್ಟವರಿಗೇ ಗೊತ್ತು. ಇಂದು ದಂತವೈದ್ಯರು ಒಸಡಿಗೆ ಮದ್ದು ಚುಚ್ಚಿ, ಜೋಮು ಹಿಡಿಸಿ, ಹಲ್ಲು ಕೀಳುತ್ತಾರೆ. ಈ ಸೌಖ್ಯದ ಹಿಂದೆ ಒಬ್ಬನ ದುರಂತವಿದೆಯೆಂಬುದನ್ನು ವಾಚಕರು ಅರಿಯಬೇಕು.

ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯನಿದ್ದನು. 1844ರ ಡಿಸೆಂಬರ್ 10ರಂದು ಅಲ್ಲಿ ಕೋಲ್ಟನ್ ಎಂಬಾತನು ನಗೆ ಅನಿಲದ ಪ್ರದರ್ಶನ ನಡೆಸಿದನು. ಅದನ್ನು ಸೇದಿದವನೊಬ್ಬನು ಕಾಲಿಗೆ ಗಾಯ ಮಾಡಿಕೊಂಡರೂ ಅವನಿಗೆ ನೋವೇ ತಿಳಿಯಲಿಲ್ಲ. ಉಳಿದವರು ವಿನೋದ ಕಂಡಲ್ಲಿ ವೆಲ್ಸನು ಔಷಧ ಕಂಡನು. ಮರುದಿನವೇ ಆ ಅನಿಲವನ್ನು ತಾನೇ ಸೇದಿ, ರಿಗ್ಸ್ ಎಂಬ ಸಹೋದ್ಯೋಗಿಯಿಂದ ತನ್ನ ದವಡೆಹಲ್ಲೊಂದನ್ನು ಕೀಳಿಸಿಕೊಂಡನು.

1845ರಲ್ಲಿ ಬಾಸ್ಟನ್ನಿನ ವೈದ್ಯವಿದ್ಯಾರ್ಥಿಗಳ ಮುಂದೆ ಇದನ್ನು ತೋರಿಸಹೋದಾಗ ರೋಗಿ ಕೂಗಿಕೊಂಡನು. ಅನಿಲದ ಚೀಲವನ್ನು ಬೇಗ ತೆಗೆದದ್ದೇ ಕಾರಣವೆಂದು ವೆಲ್ಸನು ಹೇಳಿದರೂ ಸಭೆ ಅವನನ್ನು ಹೀಯಾಳಿಸಿತು. ಮರುವರ್ಷ ಅವನ ಹಿಂದಿನ ಪಾಲುದಾರ ಮಾರ್ಟನ್ನನು ಈಥರ್ ಬಳಸಿ ಗೆದ್ದನು. ಕೀರ್ತಿ ಅತ್ತ ಹರಿಯಿತು. ಮನಸ್ಸು ಕೆಟ್ಟ ವೆಲ್ಸನು 1848ರಲ್ಲಿ ನ್ಯೂಯಾರ್ಕಿನ ಸೆರೆಮನೆಯಲ್ಲಿ ತನ್ನ ಪ್ರಾಣವನ್ನು ತಾನೇ ನೀಗಿಕೊಂಡನು. ಆಗ ಅವನ ವಯಸ್ಸು 33. ಅಮೆರಿಕದ ದಂತವೈದ್ಯರ ಸಂಘವು ಅವನ ಶೋಧವನ್ನು ಒಪ್ಪಿದ್ದು 1864ರಲ್ಲಿ.

ಕೀಳುವ ನೋವು ನೀಗಿತಾದರೂ ಮಾಯುವ ಕೆಲಸ ಇಂದಿಗೂ ಪ್ರಕೃತಿಯದೇ. ಹಲ್ಲಿನ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಅದರ ಲೇಪ. ಮೊದಲ ದಿನ ಬಾಯಿ ಮುಕ್ಕಳಿಸಿ ಅದನ್ನು ಕದಡಬಾರದು, ಧೂಮಪಾನವಂತೂ ಸಲ್ಲದು. ಮಾರನೆಯ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು ಹಿತ. ಮೆತ್ತನೆಯ ಅನ್ನ ಉಣ್ಣುವ ಆ ದಿನಗಳಲ್ಲಿ ವೆಲ್ಸನನ್ನು ಒಮ್ಮೆ ನೆನೆದರೆ ಅವನ ಋಣ ಕೊಂಚವಾದರೂ ತೀರೀತು.