ಸೇಡಂ–ಚಿತ್ತಾಪುರ ಸೀಮೆಯ ರಾಜಕೀಯ ದಾಖಲೆಗಳು: ಸಂಗ್ರಹ ಮತ್ತು ಸಂರಕ್ಷಣೆ

ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದು, ವಾಡಿ ಎಂಬ ಐದು ಊರುಗಳು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದವು. ಊರುಗಳು ಇದ್ದಲ್ಲಿಯೇ ಇದ್ದವು. ಅವುಗಳ ಕಾಗದಪತ್ರಗಳು ಮಾತ್ರ ಹಲವು ದಿಕ್ಕುಗಳಿಗೆ ಚದುರಿದವು. ಈ ಚದುರುವಿಕೆಯ ಸ್ವರೂಪವನ್ನು ತಿಳಿಯದೆ ಇಲ್ಲಿಯ ಚರಿತ್ರೆಯನ್ನು ಬರೆಯಲು ಬಾರದು.

ಸಂಸ್ಥಾನದ ಕೇಂದ್ರ ದಫ್ತರವು ಹೈದರಾಬಾದಿನಲ್ಲಿಯೇ ಉಳಿದು, ಮೊದಲು ಆಂಧ್ರಪ್ರದೇಶದ, 2014ರ ಅನಂತರ ತೆಲಂಗಾಣದ ಪತ್ರಾಗಾರವಾಯಿತು. ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು 1956ರಲ್ಲಿ ಆಂಧ್ರಕ್ಕೆ ಸೇರಿದುದರಿಂದ, ಒಂದೇ ಜಿಲ್ಲೆಯ ಚರಿತ್ರೆಯು ಎರಡು ರಾಜ್ಯಗಳಲ್ಲಿ ಹಂಚಿಹೋಯಿತು. 1949ರಲ್ಲಿ ಜಹಗೀರುಗಳು ರದ್ದಾದಾಗ ಜಹಗೀರುದಾರರ ಕಚೇರಿಗಳೂ ಮುಚ್ಚಿದವು.

ಎರಡನೆಯ ತೊಡಕು ಭಾಷೆ ಮತ್ತು ಕಾಲಗಣನೆಯದು. ಆಡಳಿತವು ಉರ್ದುವಿನಲ್ಲಿ ನಡೆಯುತ್ತಿತ್ತು; ತಾರೀಖುಗಳು ಫಸಲಿ ವರ್ಷದಲ್ಲಿರುತ್ತಿದ್ದವು. ಆ ವರ್ಷವು ಅಕ್ಟೋಬರಿನಲ್ಲಿ ಆಜೂರ್ ಮಾಸದಿಂದ ಮೊದಲಾಗುತ್ತಿದ್ದುದರಿಂದ, ಮೊದಲ ತಿಂಗಳುಗಳಿಗೆ 590ನ್ನೂ ಜನವರಿಯಿಂದ ಮುಂದಕ್ಕೆ 591ನ್ನೂ ಕೂಡಿಸಬೇಕು. ಫಸಲಿ 1357ರ ಆಬಾನ್ ಮಾಸವೆಂದರೆ ಪೊಲೀಸು ಕಾರ್ಯಾಚರಣೆಯ ಮಾಸ. ಅಲ್ಲಿ 590ನ್ನು ಕೂಡಿಸಿದವನು ಆ ಘಟನೆಯನ್ನು 1947ಕ್ಕೆ, ಅಂದರೆ ಯಥಾಸ್ಥಿತಿ ಒಪ್ಪಂದಕ್ಕೂ ಹಿಂದಕ್ಕೆ, ಒಯ್ಯುವನು!

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಪಕ್ಷಪಾತದ ಪ್ರಶ್ನೆ. 1938ರಲ್ಲಿ ನಿಷೇಧಕ್ಕೆ ಒಳಗಾದ ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸಿನ ಮೇಲಿನ ನಿರ್ಬಂಧವು 1946ರಲ್ಲಿ ತೆರವಾಯಿತು. ನಿಷಿದ್ಧ ಸಂಸ್ಥೆಯ ಕಾಗದವನ್ನು ಮನೆಯಲ್ಲಿಡುವುದೇ ಅಪಾಯವಾಗಿದ್ದ ಕಾಲವದು. ರಜಾಕಾರರ ದೌರ್ಜನ್ಯಕ್ಕೆ ಸಿಕ್ಕವರ ಮಾತುಗಳನ್ನು ಸಂಗ್ರಹಿಸುವುದು ನಮ್ಮ ಕರ್ತವ್ಯವಷ್ಟೆ. ಆದರೆ ಸೆಪ್ಟೆಂಬರಿನ ಅನಂತರ ಮುಸ್ಲಿಮರು ಅನುಭವಿಸಿದ ಕೊಲೆ, ಲೂಟಿಗಳ ದಾಖಲೆಯೂ ಅದೇ ಚರಿತ್ರೆಯ ಭಾಗ. 1948ರ ನವೆಂಬರ್–ಡಿಸೆಂಬರಿನಲ್ಲಿ ಸಂಚರಿಸಿದ ಪಂಡಿತ ಸುಂದರಲಾಲರ ಸಮಿತಿಯು ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿ, ಹೆಚ್ಚು ಬಾಧಿತವಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾವನ್ನೂ ಎಣಿಸಿತು. ಆ ವರದಿಯು ದಶಕಗಳವರೆಗೆ ಪ್ರಕಟವಾಗಲಿಲ್ಲ. ಸರಕಾರದ ಶ್ವೇತಪತ್ರವಾದರೋ 1948ರಲ್ಲಿಯೇ ಅಚ್ಚಾಗಿತ್ತು. ಹೀಗೆ ಒಂದು ಬಗೆಯ ಪತ್ರವು ಎಲ್ಲರ ಕೈಗೂ ಸಿಕ್ಕಿ, ಇನ್ನೊಂದು ಮುಚ್ಚಿಹೋದರೆ ಚರಿತ್ರೆಯು ತಾನಾಗಿಯೇ ಒಂದು ಪಕ್ಕಕ್ಕೆ ವಾಲುತ್ತದೆ.

ಪರದೇಶದ ಎರಡು ನಿದರ್ಶನಗಳು ಇಲ್ಲಿ ಬೋಧಪ್ರದವಾಗಿವೆ. ಬೈರೂತಿನ ಅಮೆರಿಕನ್ ವಿಶ್ವವಿದ್ಯಾನಿಲಯದಲ್ಲಿ ವಲೀದ್ ಖಾಲಿದಿ ಮತ್ತು ಯೂಸುಫ್ ಈಬಿಷ್ ಅವರು 1963ರ ಅರಬ್ ರಾಜಕೀಯ ದಾಖಲೆಗಳನ್ನು ಒಂದು ಸಂಪುಟವಾಗಿ ಹೊರತಂದರು. ಭಾಷಣ, ಒಪ್ಪಂದ, ಪ್ರಕಟಣೆಗಳನ್ನು ಆಯಾ ವರ್ಷವೇ ಒಟ್ಟುಗೂಡಿಸುವ ಈ ಕ್ರಮವು ಅನುಕರಣೀಯ. ಅದೇ ನಗರದ ಪ್ಯಾಲೆಸ್ತೀನ್ ಸಂಶೋಧನ ಕೇಂದ್ರದ ಸಂಗ್ರಹವನ್ನು 1982ರಲ್ಲಿ ಇಸ್ರೇಲಿನ ಸೈನ್ಯವು ಒಯ್ದಿತು. ಪ್ರತಿಗಳಿಲ್ಲದ ಸಂಗ್ರಹವು ಒಂದೇ ದಿನದಲ್ಲಿ ಕೈತಪ್ಪಬಹುದೆಂಬುದಕ್ಕೆ ಇದು ಸಾಕ್ಷಿ.

ಆದುದರಿಂದ ನಮ್ಮ ಸೀಮೆಯಲ್ಲಿ ಮೊದಲು ಆಗಬೇಕಾದುದು ಪಟ್ಟಿ. ಯಾವ ಕಾಗದ, ಯಾರಲ್ಲಿ, ಯಾವ ಲಿಪಿಯಲ್ಲಿದೆ ಎಂಬುದನ್ನು ಸ್ಥಳದಲ್ಲಿಯೇ ಬರೆದುಕೊಳ್ಳಬೇಕು. ಪ್ರತಿಯನ್ನು ತೆಗೆದುಕೊಂಡು ಮೂಲವನ್ನು ಮನೆಯವರಿಗೇ ಹಿಂದಿರುಗಿಸಬೇಕು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಆರಂಭವಾದ ರೈಲುಮಾರ್ಗದ, ಶಹಾಬಾದಿನ ಕಲ್ಲುಗಣಿ ಮತ್ತು ಸಿಮೆಂಟು ಕಾರ್ಖಾನೆಯ ಕಾರ್ಮಿಕರ ಪತ್ರಗಳೂ ರಾಜಕೀಯ ದಾಖಲೆಗಳೇ. ಉರ್ದುವನ್ನು ಓದಬಲ್ಲ ಹಿರಿಯರ ನೆರವನ್ನು ಕನ್ನಡ ವಿದ್ಯಾರ್ಥಿಗಳು ಈಗಲೇ ಪಡೆಯಬೇಕು. ಕಾಗದವು ಉಳಿದು ಓದುವವನು ಇಲ್ಲವಾದರೆ, ಅದು ಗೆದ್ದಲಿಗೆ ಸಿಕ್ಕಿದಂತೆಯೇ ಸರಿ.