ತಾಲ್ಲೂಕು ಗ್ಯಾರೇಜು, ತಯಾರಕರ ತಂತ್ರಾಂಶ: 2014ರ ಆದೇಶ ತಲುಪದ ಕಡೆ

ಚನ್ನಗಿರಿಯ ಅಡಿಕೆ ಬೆಳೆಗಾರರ ಕಾರಾಗಲಿ, ಜಗಳೂರಿನ ಮೆಕ್ಕೆಜೋಳ ಸಾಗಿಸುವ ಪಿಕಪ್ ಆಗಲಿ, ಕೆಟ್ಟು ನಿಂತರೆ ಗ್ಯಾರೇಜಿನವರು ಈಗ ಮೊದಲು ಸ್ಕ್ಯಾನರ್ ಹಾಕುತ್ತಾರೆ. ಅಗ್ಗದ ಸ್ಕ್ಯಾನರ್ ಹೊಗೆ ನಿಯಂತ್ರಣದ ಸಾಮಾನ್ಯ ಕೋಡುಗಳನ್ನು ಓದುತ್ತದೆ, ಅಳಿಸುತ್ತದೆ, ಹೆಚ್ಚೇನೂ ಮಾಡದು. ಅನೇಕ ಕಾಮನ್ ರೈಲ್ ಡೀಸೆಲ್ ಎಂಜಿನ್ನುಗಳಲ್ಲಿ ಹೊಸ ಇಂಜೆಕ್ಟರ್ ಕೂರಿಸಿದ ಮೇಲೆ ಅದರ ಮೈಮೇಲೆ ಅಚ್ಚಾದ ಅಕ್ಷರ–ಅಂಕಿಗಳನ್ನು ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುನಲ್ಲಿ ದಾಖಲಿಸಬೇಕು. ಇಲ್ಲವಾದರೆ ಡೀಸೆಲ್ಲಿನ ಅಳತೆ ತಪ್ಪುತ್ತದೆ. ಹೀಗೆ ದಾಖಲಿಸಲು ತಯಾರಕರ ತಂತ್ರಾಂಶ ಬೇಕು, ಇಲ್ಲವೇ ಅದೇ ಮಾಹಿತಿ ಇರುವ ದುಬಾರಿ ಉಪಕರಣ. ನಮ್ಮ ಕಾನೂನು ತಯಾರಕರ ತಪ್ಪನ್ನು ಗುರುತಿಸಿದೆ. ಮೆಕ್ಯಾನಿಕ್ ತಾನೇ ಮುಂದಿಟ್ಟು ಕೇಳಬಹುದಾದ ಹಕ್ಕನ್ನು ಮಾತ್ರ ಕೊಟ್ಟಿಲ್ಲ ಎಂಬುದು ಇಲ್ಲಿನ ವಾದ.

ಬಿಡಿಭಾಗ, ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಕಾರು ತಯಾರಕರ ವಿರುದ್ಧ ನಡೆದ ಶಂಶೇರ್ ಕಟಾರಿಯಾ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗ, ದೋಷಪತ್ತೆ ಉಪಕರಣಗಳು ಸುಲಭವಾಗಿ ಸಿಗುವ ವ್ಯವಸ್ಥೆ ಮಾಡಬೇಕು, ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದಾಗುತ್ತದೆಂಬ ಸಾರಾಸಗಟು ಷರತ್ತು ಕೂಡದು ಎಂದೂ ಆದೇಶಿಸಿತು. ಬೌದ್ಧಿಕ ಆಸ್ತಿಯ ನೆಪ ಆಯೋಗದ ಮುಂದೆ ನಿಲ್ಲಲಿಲ್ಲ. ಆದರೆ ಈ ನಿರ್ದೇಶನ ಪ್ರಕರಣದ ಕಂಪನಿಗಳಿಗೆ ಸೀಮಿತ; ಆಮೇಲೆ ಅದು ಮೇಲ್ಮನವಿಗಳ ದಾರಿ ಹಿಡಿಯಿತು. ಹೊನ್ನಾಳಿಯ ಗ್ಯಾರೇಜಿನವರು ದೆಹಲಿಯ ಆಯೋಗದ ಮೆಟ್ಟಿಲು ಹತ್ತಿ ‘ಮಾರುಕಟ್ಟೆಯ ಪ್ರಾಬಲ್ಯ’ವನ್ನು ಸಾಬೀತು ಮಾಡಲಿ ಎನ್ನುವುದು ಪರಿಹಾರವೇ ಅಲ್ಲ.

ಕೃತಿಸ್ವಾಮ್ಯ ಕಾಯ್ದೆಯ ನಿಲುವು ಇನ್ನೂ ವಿಚಿತ್ರ. 2012ರಲ್ಲಿ ಸೇರಿದ 65ಎ ಕಲಮಿನಂತೆ, ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶವಿದ್ದಾಗ ಮಾತ್ರ ಡಿಜಿಟಲ್ ಬೀಗ ಮುರಿಯುವುದು ಅಪರಾಧ. ರಿಪೇರಿಗಾಗಿ ಮುರಿದವರಿಗೆ ಸಮರ್ಥನೆಯುಂಟು. ಆದರೆ ನಕಲಿ ತಂತ್ರಾಂಶವೆಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 63ಬಿ ಕಲಮಿನಡಿ ಜೈಲು, ದಂಡ. ಅಸಲಿ ಪ್ರತಿಯನ್ನು ಮಾರದೆ ನಕಲಿಗೆ ಶಿಕ್ಷೆ ಹೇಳಿದರೆ ಮೆಕ್ಯಾನಿಕ್ ಹೋಗುವುದೆಲ್ಲಿಗೆ?

ಅರೆಕಲಿಕೆಯವರ ಕೈಗೆ ತಂತ್ರಾಂಶ ಸಿಕ್ಕರೆ ಅಪಾಯ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆಂದೇ ಆಯೋಗ ಸ್ವತಂತ್ರ ಗ್ಯಾರೇಜುಗಳಿಗೆ ತರಬೇತಿ ನೀಡಲು ಕಂಪನಿಗಳಿಗೆ ಅವಕಾಶವಿಟ್ಟಿತ್ತು. ಕೀಲಿ ಪ್ರೋಗ್ರಾಮಿಂಗಿನಂಥ ಕಳ್ಳತನಕ್ಕೆ ಎಡೆಕೊಡುವ ಕೆಲಸಗಳನ್ನು ನೋಂದಾಯಿತರಿಗಷ್ಟೇ ಬಿಡಬಹುದು. ಇಂಜೆಕ್ಟರ್ ಕೋಡಿಂಗಿಗೆ ಆ ಭಯ ಏಕೆ? ಶುಲ್ಕದ ಪ್ರಶ್ನೆಗೂ ಮಾದರಿಯಿದೆ: ಯುರೋಪಿನ 2018/858 ನಿಯಮದಡಿ ತಯಾರಕರು ಗಂಟೆ, ದಿನ, ತಿಂಗಳು, ವರ್ಷದ ಲೆಕ್ಕದಲ್ಲಿ ರಿಪೇರಿ ಮಾಹಿತಿ ಒದಗಿಸಬೇಕು. ಇಲ್ಲಿಯೂ ವಾಹನದ ಮಾದರಿಗೆ ಅನುಮೋದನೆ ಕೊಡುವಾಗಲೇ ಈ ಷರತ್ತು ಹಾಕಿದರೆ, ವರ್ಷದ ಪರವಾನಗಿಗೆ ಹಣವಿಲ್ಲದ ನ್ಯಾಮತಿಯ ಗ್ಯಾರೇಜಿನವರೂ ಒಂದು ಗಂಟೆಯ ಶುಲ್ಕ ಕಟ್ಟಿ, ಅದನ್ನು ಬಿಲ್ಲಿನಲ್ಲಿ ತೋರಿಸಿ ಗಾಡಿ ಬಿಟ್ಟುಕೊಡಬಹುದು.