ದನದ ರೋಗ, ಕಾಡಿನ ಬೆಂಕಿ

ದನಗಳಿಗೆ ಹಾಕಿದ ಚುಚ್ಚುಮದ್ದಿನಿಂದ ಕಾಡಿನಲ್ಲಿ ಮರ ಬೆಳೆದೀತೆ? ಕನ್ನಡ ಪಾಠ ಹೇಳುವ ನನಗೆ ಗಣಿತದಲ್ಲಿ ಅಧಿಕಾರವಿಲ್ಲ. ಆದರೂ ಈ ಪ್ರಶ್ನೆಗೆ ಗಣಿತ ಕೊಟ್ಟ ಉತ್ತರವನ್ನು ವಾಚಕರ ಮುಂದಿಡಬೇಕೆನಿಸಿದೆ.

ನಮ್ಮ ರೈತರು ದೊಡ್ಡರೋಗವೆಂದು ಕರೆಯುತ್ತಿದ್ದ ದನಗಳ ಮಾರಿ 1887ರ ಸುಮಾರಿಗೆ ಆಫ್ರಿಕದ ಈಶಾನ್ಯ ಕರಾವಳಿಯನ್ನು ಹೊಕ್ಕಿತು. ಹತ್ತು ವರ್ಷ ತುಂಬುವುದರೊಳಗೆ ಖಂಡದ ದಕ್ಷಿಣ ತುದಿಯ ಸಮೀಪಕ್ಕೆ ಹಬ್ಬಿತು. ದನವೇ ಜೀವವಾಗಿದ್ದ ಮಾಸಾಯಿ ಜನ ಹಸಿವಿನಿಂದ ಸತ್ತರು. ಸೆರೆಂಗೆಟಿಯ ಬಯಲಿನಲ್ಲಿ ಹಿಂಡುಹಿಂಡಾಗಿ ಮೇಯುವ ವೈಲ್ಡ್‌ಬೀಸ್ಟ್ ಎಂಬ ಕಾಡುಪ್ರಾಣಿಯನ್ನೂ ರೋಗ ಬಿಡಲಿಲ್ಲ.

ಮೇಯುವ ಬಾಯಿ ಕಡಮೆಯಾದರೆ ಹುಲ್ಲು ಉಳಿಯುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಒಣಗಿ ಬೆಂಕಿಗೆ ಉರುವಲಾಗುತ್ತದೆ. ಸುಟ್ಟ ಸಸಿ ಬುಡದಿಂದ ಮತ್ತೆ ಚಿಗುರಬಹುದು. ಆದರೆ ಜ್ವಾಲೆಯ ಎತ್ತರವನ್ನು ಮೀರುವಷ್ಟು ಬಿಡುವು ಸಿಕ್ಕದೆ ಅದು ಮರವಾಗದು.

ಸುತ್ತಲಿನ ದನಗಳಿಗೆ ಚುಚ್ಚುಮದ್ದು ಹಾಕಿದ ಮೇಲೆ 1960ರ ದಶಕದ ಮೊದಲಲ್ಲಿ ವೈಲ್ಡ್‌ಬೀಸ್ಟ್‌ಗಳಿಂದಲೂ ರೋಗ ತೊಲಗಿತು. 1961ರಲ್ಲಿ ಸುಮಾರು 2.5 ಲಕ್ಷವಿದ್ದ ಅವುಗಳ ಸಂಖ್ಯೆ 1977ರ ವೇಳೆಗೆ 13 ಲಕ್ಷ ಮುಟ್ಟಿತು. ಹುಲ್ಲು ತಗ್ಗಿತು, ಬೆಂಕಿ ಹಿಂಜರಿಯಿತು, ಬರಬರುತ್ತ ಮರಗಳು ಹೆಚ್ಚಿದವು.

ಒಂದರ ಹಿಂದೆ ಒಂದು ನಡೆಯಿತೆಂದ ಮಾತ್ರಕ್ಕೆ ಮೊದಲನೆಯದೇ ಕಾರಣವಾಗಬೇಕಿಲ್ಲ. ಮಳೆಯ ಏರಿಳಿತವಿತ್ತು, ಗಾಳಿಯಲ್ಲಿ ಇಂಗಾಲಾಮ್ಲವೂ ಹೆಚ್ಚುತ್ತಿತ್ತು. ಮರಗಳ ನಾಶಕ್ಕೆ ಆನೆಗಳೇ ಹೊಣೆಯೆಂದು 1960ರ ದಶಕದಲ್ಲಿ ಬೆರಳು ತೋರಿದವರೂ ಇದ್ದರು. 2009ರಲ್ಲಿ ರಿಕಾರ್ಡೊ ಹೋಲ್ಡೊ ಮತ್ತು ಸಂಗಡಿಗರು ನಲವತ್ತಕ್ಕೂ ಹೆಚ್ಚು ವರ್ಷಗಳ ದಾಖಲೆಗಳನ್ನು ಸಮೀಕರಣಗಳಿಗೆ ಅಳವಡಿಸಿದರು. ಕ್ರಮವೇನೋ ಅಂಗಡಿಯ ಜಮಾಖರ್ಚಿನಂಥದೇ: ಇದ್ದ ಮರಗಳಿಗೆ ಬೆಳೆದವನ್ನು ಕೂಡಿ, ಬೆಂಕಿಯ ಪಾಲನ್ನೂ ಆನೆಯ ಪಾಲನ್ನೂ ಕಳೆಯುವುದು. ಒಂದೊಂದು ಕಾರಣವನ್ನು ಸೇರಿಸಿ, ಬಿಟ್ಟು, ಯಾವ ಲೆಕ್ಕ ನಡೆದ ಸಂಗತಿಗೆ ಹೆಚ್ಚು ಹೊಂದುತ್ತದೆಂದು ಅವರು ನೋಡಿದರು. ರೋಗದಿಂದ ವೈಲ್ಡ್‌ಬೀಸ್ಟ್‌ಗೆ, ಅಲ್ಲಿಂದ ಹುಲ್ಲಿಗೆ, ಬೆಂಕಿಗೆ, ಮರಕ್ಕೆ ಸಾಗುವ ಸರಪಳಿಯೇ ಗೆದ್ದಿತು. ಉಳಿದವುಗಳ ಪಾಲು ಅದಕ್ಕಿಂತ ಕಿರಿದಾಗಿತ್ತು.

ಇದು ಬರಿಯ ಬುದ್ಧಿಯ ಕಸರತ್ತಲ್ಲ. ಆನೆಯೇ ಅಪರಾಧಿಯೆಂದು ನಂಬಿ ಆನೆಗಳನ್ನು ಕೊಂದಿದ್ದರೂ, ಒಣಹುಲ್ಲು ಮೊದಲಿನಂತೆ ಉರಿಯುತ್ತಿದ್ದಷ್ಟು ಕಾಲ ಸಸಿಗಳಿಗೆ ಬಿಡುಗಡೆ ದೊರೆಯುತ್ತಿರಲಿಲ್ಲ. ಕಣ್ಣಿಗೆ ಬಿದ್ದವನನ್ನೇ ಕಳ್ಳನೆನ್ನುವ ಅವಸರಕ್ಕೆ ಲೆಕ್ಕವೊಂದು ಕಡಿವಾಣ.

2011ರಲ್ಲಿ ದೊಡ್ಡರೋಗವು ಲೋಕದಿಂದಲೇ ತೊಲಗಿತೆಂದು ಸಾರಲಾಯಿತು. ದನ ಉಳಿಯಲೆಂದು ಹಾಕಿದ ಮದ್ದು ಬೆಂಕಿಯನ್ನು ತಗ್ಗಿಸಿ ಮರಗಳನ್ನೂ ಬೆಳೆಸಿತ್ತು.